ಟೆಲಿಕನ್ವರ್ಟರ್ ಬಿಚ್ಚಿ ಟೆಲಿಸ್ಕೋಪಿಗೆ ಕೂರಿಸಿದ್ದು: ನನ್ನ ಅನುಭವ

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹೊಲಗಳಲ್ಲಿ ಮೇಯ್ದು ಬಂದು ಕೆರೆಯ ನಡುವೆ ಕೂತುಬಿಡುತ್ತವೆ, ದಡದಿಂದ ಬಲು ದೂರ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದಿದೆ. ಅಂಥದ್ದೊಂದು ಸಿಕ್ಕರೆ ಪಟ್ಟಿಯ ಮೇಲಿನ ಅಕ್ಷರ ಓದೋಕೆ ಬರುವಂಥ ಫೋಟೋ ತೆಗೆಯಬೇಕು ಅನ್ನೋದು ನನ್ನ ಆಸೆ.

ನನ್ನ ಹತ್ತಿರ ಇದ್ದದ್ದು ನಕ್ಷತ್ರ ನೋಡಲು ತಗೊಂಡ 80 ಎಂಎಂ ಇಡಿ (ಬಣ್ಣದ ಅಂಚು ಕಮ್ಮಿ ಮಾಡುವ ಗಾಜಿನ) ಟೆಲಿಸ್ಕೋಪು. ಫೋಕಲ್ ಲೆಂಗ್ತ್ (ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತೆ) 600 ಎಂಎಂ, ಎಫ್/7.5 (ಈ ಅಂಕಿ ಹೆಚ್ಚಿದಷ್ಟೂ ಬೆಳಕು ಕಮ್ಮಿ). ಅದಕ್ಕೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕಿ ಚಿತ್ರ 1.4 ಪಟ್ಟು ಹಿಗ್ಗಿಸುವ ಹಳೆಯ ಟೆಲಿಕನ್ವರ್ಟರ್ ಸೇರಿಸಿದರೆ 840 ಎಂಎಂ, ಎಫ್/10.5. ಲೆಕ್ಕ ಸರಿಯಿತ್ತು, ಫೋಟೋ ಮಾತ್ರ ಮಸುಕು. ಒಂದು ಅಂಚು ಯಾವಾಗಲೂ ಮಂಕು, ಇಡೀ ಚಿತ್ರದ ಮೇಲೆ ತೆಳ್ಳಗೆ ಹಾಲು ಚೆಲ್ಲಿದ ಹಾಗೆ.

ತುಂಬಾ ದಿನ ಕನ್ವರ್ಟರಿನ ಗಾಜನ್ನೇ ಅನುಮಾನಿಸಿದೆ. ತಪ್ಪು ಗಾಜಿನದ್ದಲ್ಲ. ಒಂದು ದಿನ ಕ್ಯಾಮೆರಾ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ, ಕಟಕಟ ಅಂತು. ಟೆಲಿಸ್ಕೋಪಿನಿಂದ ಟಿ-ರಿಂಗು (ಕ್ಯಾಮೆರಾ ಜೋಡಿಸುವ ಉಂಗುರ), ಅದರಿಂದ ಕನ್ವರ್ಟರ್, ಅದರಿಂದ ಕ್ಯಾಮೆರಾ. ಒಂದೊಂದು ಜೋಡಣೆಯಲ್ಲೂ ಕೂದಲೆಳೆಯಷ್ಟು ಸಡಿಲ, ಎಲ್ಲ ಸೇರಿ ಕ್ಯಾಮೆರಾದ ಭಾರಕ್ಕೆ ಕೆಳಗೆ ಜಗ್ಗುತ್ತಿತ್ತು. ಒಂದು ಅಂಚು ಮಂಕಾದದ್ದು ಅದಕ್ಕೇ. ಆಮೇಲೆ ಕ್ಯಾಮೆರಾ ತೆಗೆದು, ಟೆಲಿಸ್ಕೋಪನ್ನು ಕಿಟಕಿಯ ಕಡೆ ತಿರುಗಿಸಿ, ಹಿಂದಿನಿಂದ ಕನ್ವರ್ಟರಿನ ಒಳಗೆ ನೋಡಿದೆ. ಗೋಡೆಯ ಸುತ್ತ ಬಳೆಯಂತೆ ಒಂದು ಬೆಳಕಿನ ಉಂಗುರ ಹೊಳೆಯುತ್ತಿತ್ತು. ಹಾಲು ಬಂದದ್ದು ಅಲ್ಲಿಂದ.

ಕನ್ವರ್ಟರನ್ನು ನೇರವಾಗಿ ಟೆಲಿಸ್ಕೋಪಿಗೇ ಕೂರಿಸೋಣ ಅಂತ ಅದರ ಮುಂದಿನ ಬಯೊನೆಟ್ (ತಿರುಗಿಸಿ ಸಿಕ್ಕಿಸುವ ಉಂಗುರ) ಬಿಚ್ಚಿದೆ, ನಾಲ್ಕೇ ಸ್ಕ್ರೂ. ಇವು ಜೆಐಎಸ್ ಅನ್ನೋ ಜಪಾನಿನ ಮಾನಕದ ಸ್ಕ್ರೂಗಳು, ಸಾದಾ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದು ಹೋಗುತ್ತೆ, ದಯವಿಟ್ಟು ಸರಿಯಾದದ್ದೇ ತಗೊಳ್ಳಿ. ಸಂಪರ್ಕದ ಪಿನ್ನು, ರಿಬ್ಬನ್ ಕೇಬಲ್ ತೆಗೆದೆ. ಗಾಜನ್ನು ಮುಟ್ಟಲಿಲ್ಲ.

ಬಯೊನೆಟ್ಟಿನ ಜಾಗಕ್ಕೆ ಅಲ್ಯೂಮಿನಿಯಂ ಚಕ್ರ ಮಾಡಿಸಬೇಕಿತ್ತು. ಮೊದಲ ಸಲ 42 ಎಂಎಂ ಥ್ರೆಡ್ ಹಾಕಿಸಿದೆ, ಲೇತಿನವರು 1 ಎಂಎಂ ಪಿಚ್ (ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ) ಹಾಕಿದರು, ಟಿ-ಥ್ರೆಡ್ಡಿಗೆ ಬೇಕಾದದ್ದು 0.75. ಎರಡು ಸುತ್ತು ಹೋಗಿ ಕಚ್ಚಿಕೊಂಡಿತು. ನಾನೇ ಪಿಚ್ ಹೇಳಿರಲಿಲ್ಲ. ಎರಡನೇ ಸಲ ಥ್ರೆಡ್ಡೇ ಬೇಡ ಅಂದುಕೊಂಡು, ಚಕ್ರಕ್ಕೆ ಸೇರಿದಂತೆಯೇ 50.7 ಎಂಎಂ ಹೊರವ್ಯಾಸದ ಕೊಳವೆ ಮಾಡಿಸಿದೆ, ಟೆಲಿಸ್ಕೋಪಿನ ಎರಡು ಇಂಚಿನ ಫೋಕಸರಿಗೆ (ಹಿಂದೆಮುಂದೆ ಸರಿಸಿ ಫೋಕಸ್ ಮಾಡುವ ಕೊಳವೆ) ನೇರವಾಗಿ ಜಾರಿ ಕೂರುವ ಹಾಗೆ. ಚಕ್ರದ ಮುಖವನ್ನೂ ಕೊಳವೆಯನ್ನೂ ಒಂದೇ ಹಿಡಿತದಲ್ಲಿ, ಲೇತಿನ ಚಕ್‌ನಿಂದ ಬಿಚ್ಚದೆ ಕೊರೆಯಬೇಕು. ಉದ್ದ ಎರಡು ಮೂರು ಎಂಎಂ ಹೆಚ್ಚುಕಮ್ಮಿ ಆದರೆ ಫೋಕಸರ್ ಸರಿಮಾಡುತ್ತೆ, ಓರೆಯಾದರೆ ಏನೂ ಮಾಡೋಕಾಗಲ್ಲ.

ಒಳಗೋಡೆಗೆ ಕರಿಹಲಗೆಯ ಬಣ್ಣ ಬಳಿದೆ, ಸಾಲಲಿಲ್ಲ, ಓರೆ ಬೆಳಕಿಗೆ ಮತ್ತೆ ಹೊಳೆಯಿತು. ಕಪ್ಪು ವೆಲ್ವೆಟ್ ಕಾಗದ ಅಂಟಿಸಿದೆ. ಕಿಟಕಿಗೆ ಹಿಡಿದು ನೋಡಿದರೆ ಬಳೆ ಮಾಯ!

ಆಟೋಫೋಕಸ್ ಇಲ್ಲ, ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ ಕೈಯಲ್ಲೇ ಫೋಕಸ್ ಮಾಡುತ್ತೇನೆ. ಹೆಬ್ಬಾತುಗಳು ಬಂದು ಕೂತ ಮೇಲೆ ಬಿಸಿಲೇರುವವರೆಗೆ ಸಿಗುವುದು ಸ್ವಲ್ಪ ಹೊತ್ತು ಅಷ್ಟೇ, ಆಮೇಲೆ ನೀರಿನ ಮೇಲಿನ ಗಾಳಿ ಕುಣಿಯುತ್ತೆ, ಯಾವ ಲೆನ್ಸಿದ್ದರೂ ಅಷ್ಟೇ ಅಲ್ವಾ.

ಈಗ ತಲೆಯ ಎರಡು ಕರಿಪಟ್ಟೆ ಬೇರೆಬೇರೆ ಕಾಣುತ್ತವೆ, ಹಳದಿ ಕೊಕ್ಕಿನ ತುದಿಯ ಕಪ್ಪು ಚುಕ್ಕೆಯೂ. ಪಟ್ಟಿ ಹಾಕಿದ ಹಕ್ಕಿ ಇನ್ನೂ ಸಿಕ್ಕಿಲ್ಲ. ಕೊರಳುಗಳನ್ನು ಒಂದೊಂದಾಗಿ ನೋಡುತ್ತಾ ಇದ್ದೇನೆ.