ತೋಟದ ಯೆಜ್ಡಿಗೆ ಸಿಡಿಐ ಕೂರಿಸಿದ್ದು

ನಮ್ಮದು 1981ರ ಯೆಜ್ಡಿ 250 ಬೈಕ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಮೂಡಿಗೆರೆ ಕಡೆಯ ನಮ್ಮ ತೋಟಕ್ಕೆ ಅಂತಲೇ ಅಪ್ಪ ತಗೊಂಡಿದ್ದು. ಡಾಂಬರು ಕಂಡಿದ್ದು ಕಡಿಮೆ, ಕೆಸರು ಕುಡಿದಿದ್ದೇ ಜಾಸ್ತಿ. ಈಗ ಬಟನ್ ಟಯರ್ ಹಾಕಿಸಿದ್ದೇನೆ.

ಮಳೆಗಾಲದಲ್ಲಿ ಹಳ್ಳ ದಾಟುವಾಗ ಪಾಯಿಂಟ್ಸ್‌ಗೆ (ಪ್ಲಗ್ಗಿಗೆ ಕಿಡಿ ಹೋಗಲು ತೆರೆದು ಮುಚ್ಚುವ ಪುಟ್ಟ ಲೋಹದ ತುದಿಗಳು) ನೀರು ಹೋಗಿ ಗಾಡಿ ನಿಲ್ಲುವುದು ಮಾಮೂಲಿ. ಅಪ್ಪನ ಟೂಲ್ ಬಾಕ್ಸಿನಲ್ಲಿ ಯಾರದ್ದೋ ಲಗ್ನಪತ್ರಿಕೆಯ ತುಂಡು ಸದಾ ಇರುತ್ತಿತ್ತು. ಪಾಯಿಂಟ್ಸ್ ಮಧ್ಯೆ ತೂರಿಸಿ ಎಳೆದರೆ ನೀರು, ಮಸಿ ಎರಡೂ ಒರೆಸಿಕೊಂಡು ಬರುತ್ತಿತ್ತು. ಹೋದ ವರ್ಷ ಜುಲೈನಲ್ಲಿ ಹಾಗೆ ಎಳೆದರೂ ಗಾಡಿ ಏಳಲಿಲ್ಲ. ಬ್ಯಾಟರಿಯೇ ಸತ್ತಿತ್ತು. ಈ 6 ವೋಲ್ಟ್ ಡೈನಮೋ ಗಾಡಿಗೆ ಬ್ಯಾಟರಿ ಇಲ್ಲದಿದ್ದರೆ ಕರೆಂಟೇ ಬರುವುದಿಲ್ಲ. ಮೂರು ಕಿಲೋಮೀಟರ್ ತಳ್ಳಿದೆ. ಆ ವಾರವೇ 12 ವೋಲ್ಟ್ ಸಿಡಿಐ ಕಿಟ್ ತರಿಸಿದೆ. ಪಾಯಿಂಟ್ಸ್ ಇಲ್ಲದೆ, ತನ್ನದೇ ಮ್ಯಾಗ್ನೆಟ್ಟಿನ ಕರೆಂಟಿನಿಂದ ಪ್ಲಗ್ಗಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದು.

ಮೊದಲೇ ಹೇಳಿಬಿಡುತ್ತೇನೆ, ಇದರಿಂದ ಪಿಕಪ್ ಜಾಸ್ತಿಯಾಗುವುದಿಲ್ಲ. ಬ್ಯಾಟರಿ ಸತ್ತರೂ ಮನೆ ಸೇರುತ್ತೀರಿ, ಅಷ್ಟೇ.

ಬಲಗಡೆ ಕವರ್ ತೆಗೆದರೆ ಡೈನಮೋ ಕಾಣುತ್ತದೆ. ಬ್ಯಾಟರಿ ವೈರ್ ಬಿಚ್ಚಿ. ಹಳೇ ವೈರುಗಳ ಫೋಟೋ ಹೊಡೆದಿಟ್ಟುಕೊಳ್ಳಿ. ಹೊರಗಿನ ಕಾಯಿಲ್ ಪ್ಲೇಟ್ ಬಿಚ್ಚಿದ ಮೇಲೆ, ಗೇರಿಗೆ ಹಾಕಿ ಹಿಂದಿನ ಬ್ರೇಕ್ ಒತ್ತಲು ಒಬ್ಬರನ್ನು ನಿಲ್ಲಿಸಿ ನಡುವಿನ ಬೋಲ್ಟ್ ಸಡಿಲಿಸಿ. ಡೈನಮೋದೊಳಗೆ ತಿರುಗುವ ಆರ್ಮೇಚರ್ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಇಂಜಿನ್ ಶಾಫ್ಟ್) ತುದಿಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಅದನ್ನು ಎಳೆದು ತೆಗೆಯುವ ಪುಲ್ಲರ್ ಬೋಲ್ಟ್ ಹಾಕಿಯೇ ಎಳೆಯಿರಿ. ಸುತ್ತಿಗೆ ಮುಟ್ಟಬೇಡಿ, ಕ್ರ್ಯಾಂಕ್ ಓರೆಯಾದರೆ ಇಡೀ ಇಂಜಿನ್ ಬಿಚ್ಚಬೇಕಾಗುತ್ತದೆ.

ಹೇಗೂ ಬಿಚ್ಚಿದ್ದೀರಲ್ಲ, ಹಿಂದಿರುವ ಕ್ರ್ಯಾಂಕ್ ಆಯಿಲ್ ಸೀಲ್ ನೋಡಿ. ನಮ್ಮದು ಒಣಗಿ ಬಿರುಕು ಬಿಟ್ಟಿತ್ತು. ಟೂ ಸ್ಟ್ರೋಕಿನಲ್ಲಿ ಅಲ್ಲಿಂದ ಗಾಳಿ ಎಳೆದರೆ ಗಾಳಿಯ ಜೊತೆಗಿನ ಪೆಟ್ರೋಲ್ ಪ್ರಮಾಣ ಕಮ್ಮಿಯಾಗಿ ಪಿಸ್ಟನ್ ಜಾಮ್ ಆಗುತ್ತದೆ. ಸೀಲಿನ ಬೆಲೆ ಅದರ ಮುಂದೆ ಏನೂ ಅಲ್ಲ.

ಕ್ರ್ಯಾಂಕ್ ತುದಿಯನ್ನು ಪೆಟ್ರೋಲಿನಲ್ಲಿ ಒರೆಸಿ ಒಣಗಿಸಿ. ಅಲ್ಲಿ ಗ್ರೀಸ್ ಹಚ್ಚಬಾರದು. ಕಿಟ್ಟಿನ ಹೊಸ ಮ್ಯಾಗ್ನೆಟ್ ನಿಲ್ಲುವುದೇ ಆ ಒಣ ಹಿಡಿತದ ಮೇಲೆ.

ಟೈಮಿಂಗ್‌ಗೆ, ಅಂದರೆ ಕಿಡಿ ಯಾವಾಗ ಬರಬೇಕು ಅಂತ ಹೊಂದಿಸುವುದಕ್ಕೆ, ಅವಸರ ಬೇಡ. ಪ್ಲಗ್ ತೆಗೆದು ಆ ತೂತಿಗೆ ಡಯಲ್ ಗೇಜ್ (ಪಿಸ್ಟನ್ ಎಷ್ಟು ಸರಿದಿದೆ ಅಂತ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಕೂರಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗದಲ್ಲಿ ಮುಳ್ಳನ್ನು ಸೊನ್ನೆಗೆ ತನ್ನಿ. ಆಮೇಲೆ ಇಂಜಿನ್ನನ್ನು ಹಿಂದಕ್ಕೆ ತಿರುಗಿಸಿ, ಕಿಟ್ಟಿನ ಕಾಗದದಲ್ಲಿ ಕೊಟ್ಟಷ್ಟು ಮಿಲಿಮೀಟರ್ ಪಿಸ್ಟನ್ ಇಳಿಸಿ, ಮ್ಯಾಗ್ನೆಟ್ಟಿನ ಗುರುತನ್ನೂ ಕಿಟ್ಟಿನ ಕಾಯಿಲ್ ಪ್ಲೇಟಿನ ಗುರುತನ್ನೂ ಕೂಡಿಸಿ ಬಿಗಿ ಮಾಡಿ. ಪಾಯಿಂಟ್ಸ್ ಕಾಲದ ಅಳತೆ ಇಲ್ಲಿಗೆ ಬೇಡ. ಈ ಇಂಜಿನ್ನಿನ ಸ್ಟ್ರೋಕ್ (ಪಿಸ್ಟನ್ ಮೇಲಿನಿಂದ ಕೆಳಗೆ ಓಡುವ ದೂರ) 75 ಮಿಮೀ. 3 ಮಿಮೀ ಬದಲು 2 ಇಟ್ಟರೆ ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ ಸುಮಾರು 4 ಡಿಗ್ರಿ ವ್ಯತ್ಯಾಸ. ಅಡ್ವಾನ್ಸ್ ಜಾಸ್ತಿಯಾದರೆ, ಅಂದರೆ ಕಿಡಿ ತೀರಾ ಮುಂಚೆ ಬಂದರೆ, ಕಿಕ್ಕರ್ ಕಾಲಿಗೇ ತಿರುಗಿ ಹೊಡೆಯುತ್ತದೆ. ನನಗೆ ಒಮ್ಮೆ ಬಿದ್ದಿದೆ, ಮೀನಖಂಡ ನಾಲ್ಕು ದಿನ ನೀಲಿಗಟ್ಟಿತ್ತು.

ಜನ ಸಿಡಿಐ ಸುಡುವುದು ವೈರಿಂಗಿನಲ್ಲಿ. ಹಳೇ ಗಾಡಿಯಲ್ಲಿ ಕೀ ಆನ್ ಮಾಡಿದರೆ ಕಾಯಿಲ್‌ಗೆ ಕರೆಂಟ್ ಹೋಗುತ್ತಿತ್ತು. ಇಲ್ಲಿ ಉಲ್ಟಾ. ಇಂಜಿನ್ ನಿಲ್ಲಿಸುವ ಕಿಲ್ ವೈರನ್ನು ಅರ್ಥ್‌ಗೆ (ಗಾಡಿಯ ಫ್ರೇಮಿಗೆ) ತಾಗಿಸಿದರೆ ಗಾಡಿ ಆಫ್. ಹಳೇ ಅಭ್ಯಾಸದಲ್ಲಿ ಆ ವೈರಿಗೆ 12 ವೋಲ್ಟ್ ಕೊಟ್ಟರೆ ಸಿಡಿಐ ಕಥೆ ಮುಗಿಯಿತು. ನಾನು ಹಳೇ ಕೀ ಸ್ವಿಚ್ಚಿಗೆ ಲೈಟ್, ಹಾರನ್ ಮಾತ್ರ ಬಿಟ್ಟು, ಹ್ಯಾಂಡಲ್ ಮೇಲೆ ಬೇರೆಯದೇ ಕಿಲ್ ಬಟನ್ ಹಾಕಿದೆ. ಕರೆಂಟ್ ನೋಡೋಣ ಅಂತ ಪ್ಲಗ್ ಕ್ಯಾಪನ್ನು ಸುಮ್ನೆ ಗಾಳಿಯಲ್ಲಿ ಹಿಡಿದು ಕಿಕ್ ಹೊಡೆಯಬೇಡಿ. ಪ್ಲಗ್ ಹಾಕಿ ಹೆಡ್ಡಿಗೆ ತಾಗಿಸಿಯೇ ನೋಡಿ.

ಅರ್ಥ್ ವೈರ್ ಕೂರುವಲ್ಲಿ ಫ್ರೇಮಿನ ಬಣ್ಣವನ್ನು ಹೊಳೆಯುವ ತನಕ ಕೆರೆಯಿರಿ. ನನ್ನ ಗಾಡಿ ಮೊದಲ ದಿನ ಮಿಸ್ ಹೊಡೆದಿದ್ದಕ್ಕೆ ಕಾರಣ ಸಿಡಿಐ ಅಲ್ಲ, ಬೋಲ್ಟಿನ ಕೆಳಗೆ ಉಳಿದಿದ್ದ ಉಗುರಗಲದ ಕಪ್ಪು ಪೇಂಟ್!

ಸಿಡಿಐ ಡಬ್ಬಿಯನ್ನು ಟ್ಯಾಂಕಿನ ಕೆಳಗೆ, ಸಿಲಿಂಡರಿನ ಬಿಸಿ ತಾಗದ ಕಡೆ, ಹಳೇ ಟ್ಯೂಬಿನ ರಬ್ಬರ್ ಇಟ್ಟು ಕಟ್ಟಿ. ಎಲ್ಲಾ ಬಲ್ಬು, ಹಾರನ್ 12 ವೋಲ್ಟಿನದು ಹಾಕಿ. ಕವರಿನೊಳಗೆ ವೈರ್ ನುಗ್ಗುವ ರಬ್ಬರಿನ ಸುತ್ತ ಗ್ರೀಸ್ ಬಳಿಯಿರಿ, ನೀರು ಒಳಗಿಳಿಯುವುದು ಅಲ್ಲಿಂದಲೇ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಮ್ಯಾಗ್ನೆಟ್ ಬೋಲ್ಟ್ ಇನ್ನೊಮ್ಮೆ ಬಿಗಿ ನೋಡಿ. ನನ್ನದು ಕಾಲು ಸುತ್ತು ತಗೊಂಡಿತು.