ಎರಡು ಸೆಂಟಿಮೀಟರ್ ಬಾಕ್ಸಿನೊಳಗಿನ ಗಡ್ಡೆ: ನನ್ನ ಎಂಆರ್ ಸ್ಪೆಕ್ಟ್ರೋಸ್ಕೋಪಿ ಅನುಭವ

ಮಿದುಳಿನ ಗಡ್ಡೆ ತೆಗೆದು, ಆರು ವಾರ ರೇಡಿಯೇಷನ್ ಕೊಟ್ಟು, ಕೆಲವು ತಿಂಗಳಾದ ಮೇಲೆ ಮಾಡಿಸಿದ ಎಂಆರ್‌ಐನಲ್ಲಿ ಹಳೆಯ ಜಾಗದ ಸುತ್ತ ಮತ್ತೆ ಬೆಳ್ಳಗೆ ಹೊಳೆಯಿತು ಅನ್ನಿ. ಆಗ ಸರ್ಜನ್ ಕೇಳುವುದು ಒಂದೇ ಪ್ರಶ್ನೆ: ಇದು ಗಡ್ಡೆ ಮರಳಿದ್ದೋ, ರೇಡಿಯೇಷನ್ನಿಗೆ ಬೆಂದ ಅಂಗಾಂಶವೋ? ಕಾಂಟ್ರಾಸ್ಟ್ ಔಷಧಿ ಎರಡು ಕಡೆಯೂ ಸೋರುತ್ತದೆ, ಎರಡೂ ಹೊಳೆಯುತ್ತವೆ. ಮೊದಲನೆಯದಾದರೆ ಇನ್ನೊಂದು ಆಪರೇಷನ್ ಅಥವಾ ಬೇರೆ ಕೀಮೋ. ಎರಡನೆಯದಾದರೆ ಸ್ಟೆರಾಯ್ಡ್ ಕೊಟ್ಟು ಕಾಯುವುದು. ಚಿತ್ರ ನೋಡಿ ಹೇಳಲಾಗದ್ದನ್ನು ರಸಾಯನ ನೋಡಿ ಹೇಳಬಹುದೇ ಎಂದು ತಿಳಿಯಲು ರೋಗಿಯನ್ನು ಎಂಆರ್ ಸ್ಪೆಕ್ಟ್ರೋಸ್ಕೋಪಿಗೆ, ಅಂದರೆ ಎಂಆರ್‌ಐ ಯಂತ್ರದಲ್ಲೇ ಅಂಗಾಂಶದ ರಸಾಯನ ಅಳೆಯುವ ಪರೀಕ್ಷೆಗೆ, ನಮ್ಮ ಕಡೆ ಕಳಿಸುತ್ತಾರೆ.

ನಾನು ಧಾರವಾಡದಲ್ಲಿ ಫಿಸಿಕ್ಸ್ ಓದಿ, ಈಗ ಮುಂಬೈನ ಪರೇಲ್ ಕಡೆಯ ಒಂದು ಆಸ್ಪತ್ರೆಯ ಎಂಆರ್‌ಐ ವಿಭಾಗದಲ್ಲಿ ಕೆಲಸ ಮಾಡುವವಳು. ಸ್ಪೆಕ್ಟ್ರೋಸ್ಕೋಪಿಯ ಕೇಸು ಬಂದರೆ ಟೆಕ್ನಿಷಿಯನ್ ಹುಡುಗರು ನನ್ನನ್ನು ಕೂಗುತ್ತಾರೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಪೇಷಂಟ್ ಬಂದರೂ ಕೂಗುತ್ತಾರೆ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದವರಿಗೆ ಹಿಂದಿಯಲ್ಲಿ ‘ಹಿಲ್‌ನಾ ಮತ್’ ಅಂದರೆ ಅರ್ಧ ಜನಕ್ಕೆ ತಿಳಿಯುವುದಿಲ್ಲ. ಈ ಪರೀಕ್ಷೆಯಲ್ಲಿ ಅಲುಗಾಡದಿರುವುದೇ ಮುಖ್ಯ.

ಯಂತ್ರ ಅದೇ, ತಲೆಗೆ ಹಾಕುವ, ಸಿಗ್ನಲ್ ಹಿಡಿಯುವ ಕಾಯಿಲ್ (ಸುರುಳಿ) ಕೂಡ ಅದೇ. ಎಂಆರ್‌ಐ ಚಿತ್ರ ಬರುವುದು ನೀರಿನ ಹೈಡ್ರೋಜನ್ನಿನಿಂದ. ನಮಗೆ ಬೇಕಾದದ್ದು ಬೇರೆ ಅಣುಗಳಲ್ಲಿ ಕೂತಿರುವ ಹೈಡ್ರೋಜನ್. ಪ್ರತಿ ಅಣುವಿನಲ್ಲೂ ಅದರ ಆವರ್ತನ ಕೂದಲೆಳೆಯಷ್ಟು ಬೇರೆ. 3 ಟೆಸ್ಲಾ ಕಾಂತಕ್ಷೇತ್ರದ ಯಂತ್ರ 128 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅಲ್ಲಿ 1 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲೊಂದು ಪಾಲು, 128 ಹರ್ಟ್ಜ್ ಆಗುತ್ತದೆ. ತೊಂದರೆ ಏನೆಂದರೆ, ಮಿದುಳಿನಲ್ಲಿ ನೀರಿನ ಸಿಗ್ನಲ್ ಈ ಅಣುಗಳ ಸಿಗ್ನಲ್ಲಿಗಿಂತ ಸಾವಿರಾರು ಪಟ್ಟು ದೊಡ್ಡದು. ಸಂಜೆ ಆರಕ್ಕೆ ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ನಿಂತು ಪಕ್ಕದವಳ ಪಿಸುಮಾತು ಕೇಳಿದ ಹಾಗೆ. ಅದಕ್ಕೇ ಮೊದಲು ನೀರಿನ ಸದ್ದು ಅಡಗಿಸಬೇಕು.

ಕೊನೆಗೆ ಸಿಗುವುದು ಗುಡ್ಡದ ಸಾಲಿನಂಥ ಒಂದು ಗೆರೆ, ಅದೇ ಸ್ಪೆಕ್ಟ್ರಂ. 2.02 ಪಿಪಿಎಂನಲ್ಲಿ ಎನ್‌ಎಎ, ಪೂರ್ತಿ ಹೆಸರು ಎನ್-ಅಸಿಟೈಲ್ ಆಸ್ಪರ್ಟೇಟ್, ನರಕೋಶ ಆರೋಗ್ಯವಾಗಿದೆ ಎಂಬುದರ ಗುರುತು. 3.03ರಲ್ಲಿ ಕ್ರಿಯಾಟಿನ್, ಕೋಶದ ಶಕ್ತಿ ವ್ಯವಹಾರದ ಗುರುತು. 3.2ರಲ್ಲಿ ಕೋಲೀನ್, ಕೋಶದ ಹೊರಪೊರೆ ಕಟ್ಟುವ, ಒಡೆಯುವ ಕೆಲಸ ಜೋರಾದಷ್ಟೂ ಇದು ಏರುತ್ತದೆ. ಗ್ಲಯೋಮಾದಲ್ಲಿ, ಅಂದರೆ ಮಿದುಳಿನ ಪೋಷಕ ಕೋಶಗಳಿಂದ ಹುಟ್ಟುವ ಗಡ್ಡೆಯಲ್ಲಿ, ಎನ್‌ಎಎ ಕುಸಿಯುತ್ತದೆ, ಕೋಲೀನ್ ಏರುತ್ತದೆ. 1.33ರಲ್ಲಿ ಲ್ಯಾಕ್ಟೇಟ್. ಗಡ್ಡೆಯ ಕೋಶಗಳು ಆಮ್ಲಜನಕ ಇದ್ದರೂ ಗ್ಲುಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಮಾಡುತ್ತವೆ ಎಂದು 1920ರ ದಶಕದಲ್ಲೇ ಓಟ್ಟೊ ವಾರ್ಬರ್ಗ್ ತೋರಿಸಿದ್ದರು. ಆದರೆ ಲ್ಯಾಕ್ಟೇಟ್ ಕಂಡ ಕೂಡಲೇ ಗಡ್ಡೆ ಅನ್ನಬಾರದು. ರಕ್ತ ಸಾಲದ ಕಡೆಯೂ, ಸತ್ತ ಅಂಗಾಂಶದಲ್ಲೂ, ಸೋಂಕಿನಲ್ಲೂ ಅದು ಬರುತ್ತದೆ.

ಇಷ್ಟು ಪುಸ್ತಕದಲ್ಲೂ ಇದೆ. ಕೈಗೆ ಹತ್ತಲು ಹೊತ್ತು ಹಿಡಿದದ್ದು ಬಾಕ್ಸ್ ಇಡುವುದು.

ಯಾವ ಜಾಗದ ರಸಾಯನ ಬೇಕೋ ಅಲ್ಲಿ ಪರದೆ ಮೇಲೆ ಒಂದು ಚೌಕ ಬಾಕ್ಸ್ ಎಳೆಯುತ್ತೇವೆ, ಸಾಮಾನ್ಯವಾಗಿ 2 ಸೆಂ.ಮೀ. ಉದ್ದ, ಅಗಲ, ಎತ್ತರ. ಅಡ್ಡ, ಉದ್ದ, ಮುಂಭಾಗ ಮೂರೂ ಕೋನಗಳಲ್ಲಿ ನೋಡದೆ ನಾನು ಬಾಕ್ಸ್ ಒಪ್ಪುವುದಿಲ್ಲ. ಒಂದು ಕೋನದಲ್ಲಿ ಗಡ್ಡೆಯ ನಡುವೆ ಕೂತಂತೆ ಕಾಣುವುದು, ಇನ್ನೊಂದರಲ್ಲಿ ಅರ್ಧ ನೀರಿನ ಕುಹರದೊಳಗೆ ಇಳಿದಿರುತ್ತದೆ. ನಡುವಿನ ಕೊಳೆತ ಭಾಗ ಬೇಡ, ಹೊಳೆಯುವ ಅಂಚು ಬೇಕು. ತಲೆಬುರುಡೆಯ ಹತ್ತಿರ ಹೋದರೆ ನೆತ್ತಿಯ ಚರ್ಮದ ಕೊಬ್ಬು ಒಳನುಗ್ಗಿ ಲ್ಯಾಕ್ಟೇಟ್ ಜಾಗವನ್ನೆಲ್ಲ ನುಂಗುತ್ತದೆ. ಅದಕ್ಕೇ ಸುತ್ತಲೂ, ಆ ಜಾಗದ ಸಿಗ್ನಲ್ ಅಡಗಿಸುವ ಸ್ಯಾಚುರೇಷನ್ ಪಟ್ಟಿಗಳನ್ನು ಇಡುತ್ತೇನೆ. ಇನ್ನೊಂದು ಸೂಕ್ಷ್ಮ: ಯಂತ್ರ ಜಾಗವನ್ನು ಗುರುತಿಸುವುದೂ ಆವರ್ತನದಿಂದಲೇ, ಹಾಗಾಗಿ ಪರದೆ ಮೇಲೆ ಬಾಕ್ಸ್ ಒಂದೇ ಕಂಡರೂ ಪ್ರತಿ ಅಣುವಿಗೂ ಅದು ಬೇರೆ ಜಾಗದಲ್ಲಿರುತ್ತದೆ. ಎನ್‌ಎಎಗೂ ಕೋಲೀನಿಗೂ ನಡುವೆ ಸುಮಾರು 150 ಹರ್ಟ್ಜ್ ಅಂತರ, ಅದರಿಂದ 2 ಸೆಂ.ಮೀ. ಬಾಕ್ಸ್ ಒಂದೆರಡು ಮಿಲಿಮೀಟರ್ ಜರುಗುತ್ತದೆ. ಗಡ್ಡೆಯ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಸಣ್ಣದಲ್ಲ.

ಆಮೇಲೆ ಶಿಮ್, ಅಂದರೆ ಬಾಕ್ಸಿನೊಳಗೆ ಕಾಂತಕ್ಷೇತ್ರ ಒಂದೇ ಸಮ ಇರುವಂತೆ ಹದ ಮಾಡುವುದು. ಯಂತ್ರ ತಾನೇ ಮಾಡುತ್ತದೆ, ಆದರೂ ನಾನು ನೀರಿನ ಗೆರೆಯ ಅಗಲ ನೋಡದೆ ಮುಂದೆ ಹೋಗುವುದಿಲ್ಲ. ಹನ್ನೆರಡು ಹರ್ಟ್ಜ್ ಆಸುಪಾಸು ಬಂದರೆ ಖುಷಿ. ಇಪ್ಪತ್ತು ದಾಟಿದರೆ ಕೋಲೀನ್, ಕ್ರಿಯಾಟಿನ್ ಎರಡೂ ಅಂಟಿಕೊಂಡು ಒಂದೇ ದಿಬ್ಬವಾಗುತ್ತವೆ. ಅಂಥದರ ಮೇಲೆ ಅನುಪಾತ ಲೆಕ್ಕ ಹಾಕಿ ‘ಕೋಲೀನ್ ಎರಡು ಪಟ್ಟು’ ಎಂದು ಬರೆಯುವುದಕ್ಕಿಂತ ಬರೆಯದಿರುವುದು ವಾಸಿ. ಡಿಫ್ಯೂಷನ್ ಸ್ಕ್ಯಾನ್ (ನೀರಿನ ಅಣುಗಳ ಓಡಾಟ ನೋಡುವ ಎಂಆರ್‌ಐ) ಆದ ಮೇಲೆ ಸ್ಪೆಕ್ಟ್ರೋಸ್ಕೋಪಿ ಮಾಡಬೇಡಿ ಎಂದು ಹುಡುಗರಿಗೆ ಹೇಳಿಟ್ಟಿದ್ದೇನೆ; ಅದು ಯಂತ್ರವನ್ನು ಬಿಸಿ ಮಾಡುತ್ತದೆ, ಆವರ್ತನ ಮೆಲ್ಲಗೆ ಜಾರುತ್ತಾ ಹೋಗುತ್ತದೆ.

ವಿಜಯಪುರದ ಕಡೆಯ ಕಾಕಾ ಒಬ್ಬರ ಸ್ಕ್ಯಾನ್ ಹೇಳುತ್ತೇನೆ, ಗುರುತಾಗುವ ವಿವರ ಬಿಟ್ಟಿದ್ದೇನೆ. ಬಲಗಡೆ ಗ್ಲಯೋಮಾ ತೆಗೆಸಿಕೊಂಡು, 60 ಗ್ರೇ ಪ್ರಮಾಣದ ರೇಡಿಯೇಷನ್ ಮತ್ತು ಟೆಮೊಜೊಲೊಮೈಡ್ ಕೀಮೋ ಮುಗಿಸಿದ್ದರು. ರೇಡಿಯೇಷನ್ ಮುಗಿದ ಮೊದಲ ಮೂರು ತಿಂಗಳಲ್ಲಂತೂ ಹೊಳಪು ಕಂಡರೆ ಅದು ಗಡ್ಡೆ ಬೆಳೆದಂತೆ ನಟಿಸುವ ಸಾಧ್ಯತೆ ಬಹಳ. ಇವರ ಸ್ಕ್ಯಾನಿನಲ್ಲಿ ಆಪರೇಷನ್ ಆದ ಜಾಗದಲ್ಲಿ ಹಳೆಯ ರಕ್ತದ ಕಬ್ಬಿಣ ಉಳಿದಿತ್ತು. ಅದರ ಪಕ್ಕ ಕಾಂತಕ್ಷೇತ್ರ ಸೊಟ್ಟ, ಶಿಮ್ ನಿಲ್ಲುವುದಿಲ್ಲ. ಸ್ಪೆಕ್ಟ್ರಂ ಹರಡಿದ ಅಂಟಿನ ಹಾಗೆ ಬಂತು.

ಬಾಕ್ಸನ್ನು ಹೊರಕ್ಕೆ ಸರಿಸಿ ಸಣ್ಣದು ಮಾಡಬೇಕಾಯಿತು. ಸಣ್ಣದು ಮಾಡುವುದು ಪುಕ್ಕಟೆ ಅಲ್ಲ. 2 ಸೆಂ.ಮೀ. ಬಾಕ್ಸಿನಲ್ಲಿ 8 ಮಿಲಿಲೀಟರ್ ಅಂಗಾಂಶ, 1.5 ಸೆಂ.ಮೀ. ಮಾಡಿದರೆ 3.4. ಸಿಗ್ನಲ್ ಅರ್ಧಕ್ಕಿಂತ ಕಡಿಮೆ. ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಏರುವುದು ಸಮಯದ ವರ್ಗಮೂಲದಷ್ಟು ಮಾತ್ರ, ಹಾಗಾಗಿ ಅದನ್ನು ಸಮಯದಿಂದ ತುಂಬಬೇಕು ಅಂದರೆ ಐದೂವರೆ ಪಟ್ಟು ಹೊತ್ತು. ಇಷ್ಟು ಹೊತ್ತು ಯಾರೂ ಮಲಗಲಾರರು. ಒಂದು ಬದಿ ಮಾತ್ರ 2 ಸೆಂ.ಮೀ. ಉಳಿಸಿ, ಉಳಿದೆರಡನ್ನು 1.5ಕ್ಕೆ ಇಳಿಸಿದೆ, 4.5 ಮಿಲಿಲೀಟರ್, 192 ಸಲ ಸರಾಸರಿ, ಎರಡೆರಡು ಸೆಕೆಂಡಿಗೆ ಒಂದು. ಆರು ನಿಮಿಷ ಚಿಲ್ಲರೆ.

ಒಳಗೆ ಹೋಗಿ ಹೇಳಿದೆ: “ಕಾಕಾ, ಈ ಸಲ ಸಪ್ಪಳ ಸಣ್ಣದೈತ್ರಿ, ಆದ್ರ ಹೊತ್ತು ಹಿಡೀತೈತಿ. ತಲಿ ಒಟ್ಟ ಅಲುಗಾಡಿಸಬ್ಯಾಡ್ರಿ. ಉಗುಳು ನುಂಗೂದಿದ್ರ ಈಗ ನುಂಗಿಬಿಡ್ರಿ.”

“ಉಸರರ ಆಡಬೇಕೊ, ಅದೂ ಬ್ಯಾಡೊ ತಂಗಿ?”

“ಆಡ್ರಿ, ಆಡ್ರಿ.”

ಎಕೋ ಸಮಯ, ಅಂದರೆ ರೇಡಿಯೋ ಸ್ಪಂದನ ಕೊಟ್ಟು ಸಿಗ್ನಲ್ ಕೇಳುವವರೆಗಿನ ಬಿಡುವು, ಎರಡು ಇಟ್ಟೆ. 30 ಮಿಲಿಸೆಕೆಂಡಿನದರಲ್ಲಿ ಹೆಚ್ಚು ಅಣುಗಳು ಕಾಣುತ್ತವೆ, ಗದ್ದಲವೂ ಜಾಸ್ತಿ. 144ರಲ್ಲಿ ಲ್ಯಾಕ್ಟೇಟ್‌ನ ಜೋಡಿ ಶಿಖರ ತಲೆಕೆಳಗಾಗುತ್ತದೆ, ಅದೇ ಜಾಗದ ಲಿಪಿಡ್ (ಕೊಬ್ಬು) ಮೇಲ್ಮುಖವಾಗಿಯೇ ಇರುತ್ತದೆ. ಎರಡನ್ನೂ ಬೇರೆ ಮಾಡುವುದು ಹೀಗೆ. ಆದರೆ 3 ಟೆಸ್ಲಾದಲ್ಲಿ, ಮೇಲೆ ಹೇಳಿದ ಬಾಕ್ಸ್ ಜರುಗಾಟದಿಂದ, ಈ ತಲೆಕೆಳಗಾದ ಲ್ಯಾಕ್ಟೇಟ್ ಕುಗ್ಗಿ ಕಾಣುತ್ತದೆ, ಕೆಲವೊಮ್ಮೆ ಮಾಯವೇ ಆಗುತ್ತದೆ. ಅನುಮಾನ ಬಂದರೆ 288ಕ್ಕೆ ಹೋಗುತ್ತೇನೆ. ಅಲ್ಲಿ ಲ್ಯಾಕ್ಟೇಟ್ ಮತ್ತೆ ನೆಟ್ಟಗಾಗುತ್ತದೆ, ಲಿಪಿಡ್ ಅಷ್ಟರಲ್ಲಿ ಕರಗಿರುತ್ತದೆ.

ಕಾಕಾರ ಸ್ಪೆಕ್ಟ್ರಂನಲ್ಲಿ ಕೋಲೀನ್ ಏರಿರಲಿಲ್ಲ. ಎದುರು ಬದಿಯ ಆರೋಗ್ಯವಾದ ಮಿದುಳಿನಲ್ಲೂ ಒಂದು ಬಾಕ್ಸ್ ಇಟ್ಟು ಹೋಲಿಸಿದೆ, ಅದಕ್ಕಿಂತ ಕಡಿಮೆಯೇ ಇತ್ತು. ಎನ್‌ಎಎ ಕಡಿಮೆ, ಕ್ರಿಯಾಟಿನ್ ಕಡಿಮೆ, 0.9ರಿಂದ 1.3ರವರೆಗೆ ಅಗಲವಾದ ಲಿಪಿಡ್ ದಿಬ್ಬ. ಎಲ್ಲವೂ ಇಳಿದು ಕೊಬ್ಬು ಮಾತ್ರ ಏರಿದ್ದರೆ ಅದು ಸಾಯುತ್ತಿರುವ ಅಂಗಾಂಶದ ಕಡೆ ವಾಲುತ್ತದೆ. ಪರ್ಫ್ಯೂಷನ್ ಸ್ಕ್ಯಾನಿನಲ್ಲೂ ರಕ್ತದ ಹರಿವು ಕಡಿಮೆ ಇತ್ತು. ಡಾಕ್ಟರು ಮತ್ತೆ ತಲೆ ತೆರೆಯದೆ, ಸ್ಟೆರಾಯ್ಡ್ ಕೊಟ್ಟು, ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಸ್ಪೆಕ್ಟ್ರೋಸ್ಕೋಪಿ ಒಂದನ್ನೇ ನೆಚ್ಚಿ ಯಾರೂ ಹೀಗೆ ತೀರ್ಮಾನಿಸುವುದಿಲ್ಲ, ತೀರ್ಮಾನಿಸಲೂಬಾರದು. ಒಂದೇ ಬಾಕ್ಸಿನಲ್ಲಿ ಸತ್ತದ್ದೂ ಬದುಕಿದ್ದೂ ಬೆರೆತಿರುವುದೇ ಹೆಚ್ಚು.

ನಮ್ಮ ದೇಶದಲ್ಲಿ ಇನ್ನೊಂದು ಪ್ರಶ್ನೆ ಯಾವಾಗಲೂ ಜೊತೆಗಿರುತ್ತದೆ: ಗಡ್ಡೆಯೋ, ಟಿಬಿಯೋ? ಕ್ಷಯದ ಗಂಟಿನಲ್ಲಿ ಲಿಪಿಡ್ ಎದ್ದು ನಿಲ್ಲುತ್ತದೆ. ಕೀವಿನ ಹುಣ್ಣಿನಲ್ಲಿ ಮಿದುಳಿನ ಮಾಮೂಲಿ ಶಿಖರಗಳೇ ಇರುವುದಿಲ್ಲ, ಬದಲಿಗೆ 0.9ರಲ್ಲಿ ಅಮೈನೋ ಆಮ್ಲ, 1.9ರಲ್ಲಿ ಅಸಿಟೇಟ್, ಕೆಲವೊಮ್ಮೆ 2.4ರಲ್ಲಿ ಸಕ್ಸಿನೇಟ್. ಅಸಿಟೇಟ್ ಎನ್‌ಎಎಯ ಪಕ್ಕದಲ್ಲೇ ಕೂತಿರುತ್ತದೆ, ಆತುರದ ಕಣ್ಣಿಗೆ ಒಂದೇ ಅನ್ನಿಸುತ್ತದೆ. 3.8ರಲ್ಲಿ ಹೆಸರಿಲ್ಲದ ಶಿಖರವೊಂದು ಎದ್ದರೆ ನಾನು ಮೊದಲು ವಾರ್ಡಿಗೆ ಫೋನು ಮಾಡಿ ಮ್ಯಾನಿಟಾಲ್ ಕೊಟ್ಟಿದ್ದೀರಾ ಎಂದು ಕೇಳುತ್ತೇನೆ. ಬಾವು ಇಳಿಸಲು ಕೊಟ್ಟ ಮ್ಯಾನಿಟಾಲ್ ಗಡ್ಡೆಯೊಳಗೆ ಸೋರಿ ಅಲ್ಲೇ ಕಾಣಿಸಿಕೊಳ್ಳುತ್ತದೆ.

ಪೆಟ್ ಸ್ಕ್ಯಾನ್ (ವಿಕಿರಣ ಸೂಸುವ ಔಷಧಿ ಕೊಟ್ಟು ಅದು ಎಲ್ಲಿ ಸೇರುತ್ತದೆ ಎಂದು ನೋಡುವುದು) ಮಾಡಿಸಿದರೆ ಆಗದೇ ಎಂದು ಸಂಬಂಧಿಕರು ಕೇಳುತ್ತಾರೆ. ಆ ಔಷಧಿಗೆ ಬೇಕಾದ ವಿಕಿರಣ ವಸ್ತು ತಯಾರಿಸುವ ದೇಶದ ಮೊದಲ ಮೆಡಿಕಲ್ ಸೈಕ್ಲೋಟ್ರಾನ್ ಯಂತ್ರ 2002ರಲ್ಲಿ ಶುರುವಾದದ್ದು ಇದೇ ಪರೇಲಿನ ರೇಡಿಯೇಷನ್ ಮೆಡಿಸಿನ್ ಸೆಂಟರಿನಲ್ಲಿ. ಆದರೆ ಮಾಮೂಲಿ ಪೆಟ್‌ನಲ್ಲಿ ಕೊಡುವುದು ಎಫ್‌ಡಿಜಿ, ಗ್ಲುಕೋಸಿನ ತಮ್ಮ. ದೇಹ ಬಳಸುವ ಶಕ್ತಿಯಲ್ಲಿ ಐದನೇ ಒಂದು ಭಾಗವನ್ನು ಮಿದುಳೇ ತಿನ್ನುತ್ತದೆ, ಹಾಗಾಗಿ ಆರೋಗ್ಯವಾದ ಮಿದುಳೂ ಹೊಳೆಯುತ್ತದೆ, ಕೆಳದರ್ಜೆಯ ಗಡ್ಡೆ ಅದರಲ್ಲಿ ಅಡಗಿಬಿಡುತ್ತದೆ. ಅಮೈನೋ ಆಮ್ಲದ ಟ್ರೇಸರ್ (ಗುರುತಿನ ಔಷಧಿ) ಆದರೆ ಹಿನ್ನೆಲೆ ಶಾಂತ, ಗಡ್ಡೆ ಎದ್ದು ಕಾಣುತ್ತದೆ. ಕಾರ್ಬನ್-11 ಮೆಥಿಯೊನೀನಿನ ಅರ್ಧಾಯುಷ್ಯ 20 ನಿಮಿಷ, ಮುಂಬೈ ಟ್ರಾಫಿಕ್ಕಿನಲ್ಲಿ ಅದು ಸಿಗ್ನಲ್ ದಾಟುವಷ್ಟರಲ್ಲಿ ಅರ್ಧ ಹೋಗಿರುತ್ತದೆ. ಫ್ಲೋರಿನ್-18 ಹಚ್ಚಿದ ಎಫ್‌ಇಟಿ ಎಂಬ ಇನ್ನೊಂದು ಅಮೈನೋ ಆಮ್ಲದ ಟ್ರೇಸರಿಗೆ 110 ನಿಮಿಷ ಇದೆ, ಅದನ್ನಾದರೆ ಬೇರೆ ಆಸ್ಪತ್ರೆಗೂ ಕಳಿಸಬಹುದು.

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು 2.25ರ ಸಣ್ಣ ಗುಬ್ಬಿ: 2-ಹೈಡ್ರಾಕ್ಸಿಗ್ಲುಟರೇಟ್. ಐಡಿಎಚ್ ಜೀನ್ ಕೆಟ್ಟ ಗ್ಲಯೋಮಾಗಳು ಇದನ್ನು ರಾಶಿ ಹಾಕುತ್ತವೆ ಎಂದು 2009ರಲ್ಲಿ ತಿಳಿಯಿತು, 2012ರ ಹೊತ್ತಿಗೆ ತಲೆ ತೆರೆಯದೆ ಅದನ್ನು ಅಳೆದು ತೋರಿಸಿದರು. 3 ಟೆಸ್ಲಾದಲ್ಲಿ ಎಕೋ ಸಮಯ 97 ಮಿಲಿಸೆಕೆಂಡ್ ಇಟ್ಟರೆ ಅದು ಚೆನ್ನಾಗಿ ಕಾಣುತ್ತದೆ. ಪಕ್ಕದಲ್ಲೇ ಗ್ಲುಟಮೇಟ್, ಗ್ಲುಟಮಿನ್ ಕೂತಿವೆ. ಶಿಮ್ ಸ್ವಲ್ಪ ಕೆಟ್ಟರೂ ಇಲ್ಲದ ಗುಬ್ಬಿ ಹುಟ್ಟುತ್ತದೆ. ಸಣ್ಣ ಗಡ್ಡೆಯಲ್ಲಿ ಇದನ್ನು ಹುಡುಕಲು ಹೋಗುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ. ಆಪರೇಷನ್ ಆಗುವುದಿದ್ದರೆ ತುಣುಕಿನಲ್ಲೇ ಐಡಿಎಚ್ ತಿಳಿಯುತ್ತದೆ. ಕತ್ತಿ ಮುಟ್ಟಲಾರದ ಜಾಗದ ಗಡ್ಡೆಗಳಲ್ಲಿ ಮಾತ್ರ ಈ ಪಾಡು ಪಡುವುದಕ್ಕೆ ಅರ್ಥವಿದೆ.

ರಿಪೋರ್ಟಿನಲ್ಲಿ ನಾನು ಅನುಪಾತದ ಅಂಕಿಯೊಂದನ್ನೇ ಬರೆಯುವುದಿಲ್ಲ. ಬಾಕ್ಸ್ ಎಲ್ಲಿತ್ತು ಎಂಬ ಮೂರು ಚಿತ್ರ, ಸ್ಪೆಕ್ಟ್ರಂನ ಪೂರ್ತಿ ಗೆರೆ, ನೀರಿನ ಗೆರೆಯ ಅಗಲ, ಎಕೋ ಸಮಯ, ಬಾಕ್ಸಿನ ಅಳತೆ ಎಲ್ಲವನ್ನೂ ಹಾಕುತ್ತೇನೆ. ಕಾಕಾ ಊರಿಗೆ ಹೊರಟಾಗ ಅವರ ಮಗ ಸೀಡಿ ಬಿಟ್ಟು ಬರೀ ಕಾಗದ ತಗೊಂಡು ಹೊರಟಿದ್ದ. ಕೂಗಿ ಕರೆದು ಕೊಟ್ಟೆ. ಮುಂದಿನ ಸ್ಕ್ಯಾನ್ ಸೊಲ್ಲಾಪುರದಲ್ಲೋ ಬೆಳಗಾವಿಯಲ್ಲೋ ಮಾಡಿಸಿದರೂ ಅಲ್ಲಿಯವರು ಅದೇ ಜಾಗಕ್ಕೆ, ಅದೇ ಎಕೋ ಸಮಯಕ್ಕೆ ಬಾಕ್ಸ್ ಇಡಬೇಕು. ಒಂದು ಕಡೆ 30, ಇನ್ನೊಂದು ಕಡೆ 144 ಇಟ್ಟು ತೆಗೆದ ಎರಡು ಗೆರೆಗಳನ್ನು ಪಕ್ಕಪಕ್ಕ ಹಿಡಿದರೆ ಏರಿತೋ ಇಳಿಯಿತೋ ಯಾರಿಗೂ ಹೇಳಲಾಗುವುದಿಲ್ಲ.