ಕೊರತೆ ಬಜೆಟ್ ಮತ್ತು ಜನಾಭಿಪ್ರಾಯ: ಹತ್ತೊಂಬತ್ತು ಹುಣಸೆ ಬೀಜದ ಸಮೀಕ್ಷೆ

‘ಸರ್ಕಾರ ಬಜೆಟ್ ಕೊರತೆ ತಗ್ಗಿಸಬೇಕೇ?’ ಎಂದು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಹೌದು ಅನ್ನುತ್ತಾರೆ. ಯಾವ ಖರ್ಚು ಇಳಿಸೋಣ, ಯಾವ ತೆರಿಗೆ ಏರಿಸೋಣ ಎಂದು ಒಂದೊಂದಾಗಿ ಹೆಸರು ಹೇಳುತ್ತ ಹೋದರೆ ಬಹುತೇಕ ಎಲ್ಲಕ್ಕೂ ಬೇಡ ಅನ್ನುತ್ತಾರೆ. ಮೊದಲ ಉತ್ತರ ಪತ್ರಿಕೆಯ ತಲೆಬರಹಕ್ಕೆ ಸಾಕು, ಇನ್ನಾವುದಕ್ಕೂ ಬಾರದು. ಅದಕ್ಕೇ ನನ್ನ ಪ್ರಶ್ನಾವಳಿಯಲ್ಲಿ ಆ ಪ್ರಶ್ನೆ ಇರುವುದಿಲ್ಲ. ಪ್ರತಿ ಆಯ್ಕೆಗೂ ರೂಪಾಯಿ ಲೆಕ್ಕ ಕಟ್ಟಿ, ಎದುರಿಗಿಟ್ಟು, ಆರಿಸಿ ಎನ್ನುತ್ತೇನೆ. ಅದನ್ನು ಮಾಡುವ ಕ್ರಮ ಇಲ್ಲಿದೆ. ಕರ್ನಾಟಕದ 2025-26ರ ಬಜೆಟ್ ಅಂದಾಜನ್ನೇ ಉದಾಹರಣೆಗೆ ಹಿಡಿದಿದ್ದೇನೆ.

ಮೊದಲು ಯಾವ ಕೊರತೆ ಎಂದು ತೀರ್ಮಾನಿಸಬೇಕು. ಆ ಬಜೆಟ್ಟಿನಲ್ಲಿ ರಾಜಸ್ವ ಕೊರತೆ 19,262 ಕೋಟಿ, ವಿತ್ತೀಯ ಕೊರತೆ (ಒಟ್ಟು ಖರ್ಚಿನಲ್ಲಿ ಸಾಲದಿಂದ ತುಂಬಬೇಕಾದ ಪಾಲು) 90,428 ಕೋಟಿ, ಒಟ್ಟು ಸಾಲದ ಹೊಣೆ 7,64,655 ಕೋಟಿ ರೂಪಾಯಿ. ಜನ ಮೂರನ್ನೂ ಸೇರಿಸಿ ‘ಸರ್ಕಾರ ಸಾಲ ಮಾಡಿದೆ’ ಅನ್ನುತ್ತಾರೆ. ಸಮೀಕ್ಷೆ ಮಾಡುವವರೂ ಅದೇ ಗೊಂದಲದಲ್ಲಿ ಪ್ರಶ್ನೆ ಬರೆದರೆ ಉತ್ತರ ಯಾವುದಕ್ಕೆ ಸೇರಿದ್ದು ಎಂದೇ ತಿಳಿಯದು. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ವಿತ್ತೀಯ ಕೊರತೆಗೆ ಜಿಎಸ್‌ಡಿಪಿಯ (ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ) ಶೇ 3, ಸಾಲಕ್ಕೆ ಶೇ 25ರ ಮಿತಿ ಹಾಕಿದೆ. ಬಜೆಟ್ ಈ ಎರಡೂ ಗೆರೆಯೊಳಗೇ ಇತ್ತು (ಶೇ 2.95 ಮತ್ತು ಶೇ 24.91). ಮಿತಿ ತಪ್ಪಿದ್ದು ಸೊನ್ನೆ ಇರಬೇಕಾದ ರಾಜಸ್ವ ಕೊರತೆಯಲ್ಲಿ, ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ದಿನದ ಖರ್ಚಿಗೂ ಆದಾಯ ಸಾಲದೆ ಹೋದದ್ದರಲ್ಲಿ. ಹಾಗಾಗಿ ನಾನು ಕೇಳುವುದು ಅದೊಂದನ್ನೇ.

ಕೋಟಿಯ ಅಂಕಿ ಯಾರ ಕಣ್ಣಿಗೂ ಕಟ್ಟುವುದಿಲ್ಲ. ರಾಜ್ಯದ ಜನಸಂಖ್ಯೆ ಸುಮಾರು 7 ಕೋಟಿ ಎಂದು ಹಿಡಿದರೆ ಈ ಕೊರತೆ ತಲೆಗೆ ವರ್ಷಕ್ಕೆ 2,750 ರೂಪಾಯಿಯಷ್ಟಾಗುತ್ತದೆ. ಇದನ್ನು ಒಮ್ಮೆ ಹೇಳಿ, ಆಮೇಲೆ ಬೀಜ ತೆಗೆಯುತ್ತೇವೆ. ಒಂದು ಹುಣಸೆ ಬೀಜಕ್ಕೆ ಸಾವಿರ ಕೋಟಿ, ಒಟ್ಟು 19 ಬೀಜ. ಟ್ಯಾಬ್ಲೆಟ್ ಪರದೆಗಿಂತ ಇದೇ ವಾಸಿ. ಜಗಲಿಯ ಮೇಲೆ ಗಾಳಿಗೆ ಹಾರುವುದಿಲ್ಲ, ಅಕ್ಷರ ಬಾರದವರೂ ಎಣಿಸುತ್ತಾರೆ, ಇಟ್ಟಿದ್ದನ್ನು ಹಿಂದೆಗೆದುಕೊಳ್ಳಲು ಯಾರೂ ಸಂಕೋಚಪಡುವುದಿಲ್ಲ. ಬೀಜ ಇಡುವುದು ಲ್ಯಾಮಿನೇಟ್ ಮಾಡಿದ ಚಿತ್ರದ ಕಾರ್ಡುಗಳ ಮೇಲೆ. ಒಂದೊಂದು ಕಾರ್ಡೂ ಖರ್ಚು ಇಳಿಸುವ ಇಲ್ಲವೇ ಆದಾಯ ಏರಿಸುವ ಒಂದು ಆಯ್ಕೆ, ಒಪ್ಪಿದವರು ಅದರ ಬೆಲೆಯಷ್ಟು ಬೀಜ ಇಡುತ್ತಾರೆ.

ಕಾರ್ಡಿನ ಬೆಲೆ ಕಟ್ಟುವುದರಲ್ಲೇ ಅರ್ಧ ಕೆಲಸ ಇರುವುದು. ಆ ವರ್ಷ ಐದು ಗ್ಯಾರಂಟಿಗಳಿಗೆ 51,034 ಕೋಟಿ ಇತ್ತು. ಅದರಲ್ಲಿ ಗೃಹಲಕ್ಷ್ಮಿಗೆ 28,608, ಗೃಹಜ್ಯೋತಿಗೆ 10,100, ಶಕ್ತಿಗೆ 5,300 ಕೋಟಿ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು 1,500ಕ್ಕೆ ಇಳಿಸಿದರೆ 7 ಬೀಜ. ಗೃಹಜ್ಯೋತಿ ಸಹಾಯಧನ ಅರ್ಧಕ್ಕಿಳಿದರೆ 5. ಇಲ್ಲಿ ಎಚ್ಚರ ಬೇಕು: ‘200 ಯೂನಿಟ್ ಬದಲು 100’ ಎಂದು ಬರೆದರೆ ಖರ್ಚು ಅರ್ಧವಾಗುವುದಿಲ್ಲ, ಯಾರು ಎಷ್ಟು ಬಳಸುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ಬಸ್ಸಿನಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟ್ ಎಂದರೆ 3 ಬೀಜ. ಆದಾಯದ ಕಡೆ, ಅಬಕಾರಿಯ ಗುರಿ 40,000 ಕೋಟಿ, ಅದು ಶೇ 10 ಹೆಚ್ಚಿದರೆ 4. ಮುದ್ರಾಂಕ ಮತ್ತು ನೋಂದಣಿಯ 28,000 ಕೋಟಿಗೆ ಶೇ 10 ಸೇರಿದರೆ 3. ಅಬಕಾರಿ ಕಾರ್ಡಿನ ಬೆಲೆ ಉದಾರವಾಯಿತು ಎಂಬುದು ನನಗೂ ಗೊತ್ತು. ದರ ಏರಿದರೆ ಕುಡಿಯುವವರು ಅಗ್ಗದ ಬ್ರ್ಯಾಂಡಿಗೆ ಇಳಿಯುತ್ತಾರೆ, ಗಡಿ ತಾಲ್ಲೂಕಿನವರು ಪಕ್ಕದ ರಾಜ್ಯಕ್ಕೆ ಹೋಗುತ್ತಾರೆ. ಅದಕ್ಕೆ ಆ ಕಾರ್ಡಿನಲ್ಲಿ ದರ ಏರಿಕೆಯ ಪ್ರಮಾಣ ಹಾಕದೆ, ಕೈಸೇರುವ ಆದಾಯದ ಮೊತ್ತವನ್ನಷ್ಟೇ ಹಾಕುತ್ತೇನೆ.

ಕೆಲವು ಕಾರ್ಡುಗಳನ್ನು ಬೇಕೆಂದೇ ಮಾಡಿಸುವುದಿಲ್ಲ. ಜಿಎಸ್‌ಟಿ ದರ ರಾಜ್ಯವೊಂದರ ಕೈಯಲ್ಲಿಲ್ಲ. ಮೇಲ್ಸೇತುವೆ, ಸುರಂಗ ರಸ್ತೆ ನಿಲ್ಲಿಸಿದರೆ ವಿತ್ತೀಯ ಕೊರತೆ ಇಳಿಯುತ್ತದೆಯೇ ಹೊರತು ರಾಜಸ್ವ ಕೊರತೆ ಅಲ್ಲ, ಅದು ಬಂಡವಾಳ ವೆಚ್ಚ, ಅಂದರೆ ಆಸ್ತಿ ಕಟ್ಟುವ ಖರ್ಚು. ಖಾಲಿ ಹುದ್ದೆ ತುಂಬಬೇಡಿ ಎನ್ನುವುದರಿಂದ ಈಗಿನ ಖರ್ಚು ಇಳಿಯುವುದಿಲ್ಲ. 2025ರಲ್ಲಿ ಏರಿದ ಹಾಲಿನ ದರ, ಬಸ್ ಟಿಕೆಟ್ ದರವೂ ಹಾಗೆಯೇ. ಜನ ಅದನ್ನು ‘ಸರ್ಕಾರ ವಸೂಲಿ ಮಾಡ್ತಿದೆ’ ಎಂದು ಲೆಕ್ಕಕ್ಕೆ ಸೇರಿಸುತ್ತಾರೆ, ಆದರೆ ದುಡ್ಡು ಹೋಗುವುದು ಒಕ್ಕೂಟಗಳಿಗೆ, ಸಾರಿಗೆ ನಿಗಮಗಳಿಗೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ‘ಶಾಸಕರ ಸಂಬಳ ನಿಲ್ಸಿ’ ಎಂಬ ಮಾತು. 224 ಶಾಸಕರು, 75 ಪರಿಷತ್ ಸದಸ್ಯರು, ತಲೆಗೆ ತಿಂಗಳಿಗೆ 5 ಲಕ್ಷ ಅಂತ ಹಿಡಿದರೂ ವರ್ಷಕ್ಕೆ 180 ಕೋಟಿ ದಾಟದು. ಒಂದು ಬೀಜದ ಐದನೇ ಒಂದು ಪಾಲೂ ಇಲ್ಲ. ಸಂದರ್ಶಕರು ಇಲ್ಲಿ ವಾದಕ್ಕಿಳಿಯಬಾರದು, ನಗಲೂಬಾರದು. ಹೇಳಿದ್ದನ್ನು ಹೇಳಿದ ಹಾಗೇ ಬೇರೆ ಅಂಕಣದಲ್ಲಿ ಬರೆದುಕೊಂಡು, ಬೀಜಗಳ ಕಡೆ ಕರೆತರಬೇಕು. ‘ಭ್ರಷ್ಟಾಚಾರ ನಿಲ್ಲಿಸಿ’ ಎಂಬುದಕ್ಕೂ ಇದೇ ಅಂಕಣ.

ಬೀಜ ಇಡದೆ ಬಿಡುವುದೂ ಒಂದು ಉತ್ತರವೇ. ಉಳಿದ ಬೀಜ ಎಂದರೆ ಸಾಲ. ಶೇ 7ರ ಆಸುಪಾಸಿನ ಬಡ್ಡಿಯಲ್ಲಿ ಪ್ರತಿ ಬೀಜಕ್ಕೂ ವರ್ಷಕ್ಕೆ 70 ಕೋಟಿ. ಇದನ್ನು ಶುರುವಿಗೇ ಹೇಳದಿದ್ದರೆ ಜನ ಪರೀಕ್ಷೆಯಲ್ಲಿ ಅಂಕ ತೆಗೆಯುವವರಂತೆ 19 ಬೀಜವನ್ನೂ ಮುಗಿಸಲು ನೋಡುತ್ತಾರೆ.

ಕಾರ್ಡು ಹರಡುವ ಕ್ರಮ ಉತ್ತರವನ್ನು ಎಳೆದಾಡುತ್ತದೆ. ಗ್ಯಾರಂಟಿ ಕಾರ್ಡು ಮುಂದಿದ್ದರೆ ಕೊರತೆಗೆಲ್ಲ ಅದೇ ಕಾರಣ ಎಂಬ ಭಾವನೆ ತಾನಾಗಿ ಮೂಡುತ್ತದೆ. ಏಳನೇ ವೇತನ ಆಯೋಗದ ಜಾರಿಯಿಂದ 2024ರ ಆಗಸ್ಟ್‌ನಿಂದ ಬಿದ್ದ ಹೊರೆ ವರ್ಷಕ್ಕೆ 20,208 ಕೋಟಿ ಎಂದು ಸರ್ಕಾರವೇ ಹೇಳಿತ್ತು. ರಾಜಸ್ವ ಕೊರತೆಗಿಂತ ಇದೇ ದೊಡ್ಡದು, ಆದರೂ ಕೇಳದೆ ಇದನ್ನು ನೆನೆಯುವವರು ಕಡಿಮೆ. ಮಾದರಿಯಲ್ಲಿ, ಅಂದರೆ ಸಮೀಕ್ಷೆಗೆ ಆಯ್ದವರಲ್ಲಿ, ಅರ್ಧ ಜನರಿಗೆ ಖರ್ಚಿನ ಕಾರ್ಡು ಮೊದಲು, ಇನ್ನರ್ಧಕ್ಕೆ ತೆರಿಗೆಯ ಕಾರ್ಡು ಮೊದಲು ಇಡುತ್ತೇನೆ. ಎರಡರ ಫಲಿತಾಂಶವನ್ನೂ ಬೇರೆಬೇರೆಯಾಗಿ ಪ್ರಕಟಿಸುತ್ತೇನೆ. ಕಾರ್ಡಿನ ಮೇಲೆ ಯೋಜನೆಯ ಹೆಸರು ಮಾತ್ರ ಇರುತ್ತದೆ. ‘ಬಿಟ್ಟಿ’ಯೂ ಇಲ್ಲ, ‘ಬಡವರ ಪಾಲಿನ’ ಎಂಬುದೂ ಇಲ್ಲ.

ಮಾದರಿಯ ಲೆಕ್ಕ ಹೀಗೆ. ಫಲಿತಾಂಶ ನಿಜದಿಂದ ಹೆಚ್ಚೆಂದರೆ 3 ಶೇಕಡಾ ಅಂಶ ಆಚೀಚೆ ಇರಲಿ ಎಂದರೆ (±3ರ ದೋಷಮಿತಿ), ಇಡೀ ರಾಜ್ಯದಿಂದ ಚೀಟಿ ಎತ್ತಿದಂಥ ಸರಳ ಯಾದೃಚ್ಛಿಕ ಆಯ್ಕೆಯಲ್ಲಿ 1,067 ಜನ ಸಾಕು. ಒಂದೇ ಮತಗಟ್ಟೆಯವರ ಅಭಿಪ್ರಾಯ ಒಂದೇ ತೆರನಾಗಿರುವುದರಿಂದ ಅದನ್ನು ಹಿಗ್ಗಿಸಬೇಕು. ಒಂದೇ ಮತಗಟ್ಟೆಯವರ ಉತ್ತರ ಎಷ್ಟು ಹೋಲುತ್ತದೆ ಎಂಬುದರ ಅಳತೆಯಾದ ಸಾಮ್ಯದ ಗುಣಾಂಕ 0.05 ಎಂದು ಹಿಡಿದರೆ, ಮತಗಟ್ಟೆಗೆ 20 ಜನರಂತೆ ಹೋದರೆ 1.95 ಪಟ್ಟು, ಅಂದರೆ 2,080 ಜನ ಬೇಕು. 10ರಂತೆ ಹೋದರೆ 1.45 ಪಟ್ಟು, 1,550 ಜನ. ನಾನು 155 ಮತಗಟ್ಟೆ, ತಲಾ 10 ಜನ ಎಂಬುದಕ್ಕೇ ಅಂಟಿಕೊಳ್ಳುತ್ತೇನೆ. ಓಡಾಟ ಹೆಚ್ಚು, ಆದರೆ ಸಂದರ್ಶನ ಕಡಿಮೆ. ಮತದಾರರ ಸಂಖ್ಯೆಗೆ ಅನುಗುಣವಾಗಿ ಮತಗಟ್ಟೆ ಆರಿಸಿ, ಪಟ್ಟಿಯಲ್ಲಿ ಸಾವಿರ ಹೆಸರಿದ್ದರೆ ಚೀಟಿ ಎತ್ತಿ ಮೊದಲ ಹೆಸರು ಹಿಡಿದು, ಅಲ್ಲಿಂದ ಪ್ರತಿ ನೂರನೆಯದು. ಆ ವ್ಯಕ್ತಿ ಇಲ್ಲದಿದ್ದರೆ ಪಕ್ಕದ ಮನೆಯವರನ್ನು ಕೂರಿಸಬಾರದು. ಮನೆಯಲ್ಲಿ ಸಿಗುವವರೇ ಮಾದರಿ ತುಂಬಿಬಿಡುತ್ತಾರೆ, ದುಡಿಯಲು ಹೋದವರು ಬಿಟ್ಟುಹೋಗುತ್ತಾರೆ. ಸಂಜೆ, ಭಾನುವಾರ ಮತ್ತೆ ಹೋಗಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಂಘದ ಒಪ್ಪಿಗೆಯಿಲ್ಲದೆ ಗೇಟಿನಲ್ಲೇ ಕೆಲಸ ನಿಲ್ಲುತ್ತದೆ, ಅದಕ್ಕೆ ವಾರದ ಮುಂಚೆಯೇ ಪತ್ರ ಕೊಡಬೇಕು.

ಮನೆ ಬಾಗಿಲಲ್ಲಿ ಮೊದಲ ಮಾತು: ‘ಅಮ್ಮಾ, ನಾವು ಸರ್ಕಾರದ ಕಡೆಯವರಲ್ಲ, ರೇಷನ್ ಕಾರ್ಡ್ ನೋಡೋಕೂ ಬಂದಿಲ್ಲ.’ 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡು ರದ್ದಾದ ಗಲಾಟೆಯಾದ ಮೇಲೆ ಈ ಮಾತಿಲ್ಲದೆ ಗೃಹಲಕ್ಷ್ಮಿ ಕಾರ್ಡಿನ ಮೇಲೆ ನಿಜವಾದ ಉತ್ತರ ಸಿಗದು. ಆದಾಯ, ರೇಷನ್ ಕಾರ್ಡಿನ ಬಣ್ಣ, ಜಾತಿ ಕೇಳುವುದೆಲ್ಲವೂ ಕೊನೆಗೆ. ಗಂಡ ಹೆಂಡತಿ ಒಟ್ಟಿಗೆ ಕೂತರೆ ಹೆಂಡತಿಯ ಬೀಜಗಳನ್ನು ಗಂಡ ಸರಿಸುತ್ತಾನೆ. ಹಾಗಾಗಿ ಇಬ್ಬರು ಸಂದರ್ಶಕರು ಹೋಗುತ್ತಾರೆ, ಅವರಲ್ಲೊಬ್ಬರು ಹೆಣ್ಣುಮಗಳು.

ವರದಿಯಲ್ಲಿ ‘ಸರಾಸರಿ’ ಬೀಜದ ಲೆಕ್ಕ ಕೊಡುವುದಿಲ್ಲ. ಅರ್ಧ ಜನ ಗೃಹಲಕ್ಷ್ಮಿಯ ಮೇಲೆ ಏಳೂ ಇಟ್ಟು ಉಳಿದವರು ಒಂದೂ ಇಡದಿದ್ದರೆ ಸರಾಸರಿ ಮೂರೂವರೆ ಬರುತ್ತದೆ. ಯಾರೂ ಬಯಸದ ರಾಜಿ ಅದು. ಯಾವ ಕಾರ್ಡನ್ನು ಎಷ್ಟು ಜನ ಒಪ್ಪಿದರು, 19ನ್ನೂ ಮುಗಿಸಿದವರೆಷ್ಟು, ಅರ್ಧಕ್ಕೇ ಬಿಟ್ಟವರೆಷ್ಟು ಎಂಬುದನ್ನು ಬೇರೆಬೇರೆ ಕೊಡುತ್ತೇನೆ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಕಂದಾಯ ವಿಭಾಗಗಳಾಗಿ ಒಡೆದರೆ ಒಂದೊಂದರಲ್ಲಿ ಸರಾಸರಿ 387 ಜನ, ದೋಷಮಿತಿ ±6ರ ಆಸುಪಾಸು. ಎರಡು ವಿಭಾಗಗಳ ನಡುವಿನ ವ್ಯತ್ಯಾಸ ಒಂಬತ್ತು ಶೇಕಡಾ ಅಂಶ ದಾಟದಿದ್ದರೆ ‘ಉತ್ತರ ಕರ್ನಾಟಕದವರ ನಿಲುವೇ ಬೇರೆ’ ಎಂಬ ವಾಕ್ಯವನ್ನು ವರದಿಯಿಂದ ಹೊಡೆದುಹಾಕುತ್ತೇನೆ.